ನಾಲ್ಕನೆಯ ಗಂಟು

ನೀರು ಸರಬರಾಜು ಕಚೇರಿಯ ಪ್ರಿಂಟರ್ ಕಾಗದ ಕಚ್ಚಿಕೊಂಡು ಕೂತರೆ ಗುಮಾಸ್ತರೆಲ್ಲ ಒಟ್ಟಿಗೆ ಕೂಗುವುದು ಒಬ್ಬನನ್ನೇ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆ ಮನುಷ್ಯನಿಗೆ ಸಂಬಳ ಬರುವುದು ಆ ಕೆಲಸಕ್ಕೆ. ಗಂಟಣ್ಣ ಅನ್ನುವ ಅಡ್ಡಹೆಸರು ಮಾತ್ರ ಬಿಡಿಗಾಸೂ ಹುಟ್ಟದ ಇನ್ನೊಂದು ಕೆಲಸದಿಂದ ಬಂದದ್ದು. ಜಗತ್ತಿನ ಮೂಲೆ ಮೂಲೆಯಲ್ಲಿ ಯಾರ್ಯಾರೋ ಬರೆದ ಪ್ರೋಗ್ರಾಮುಗಳನ್ನು ಕಲೆಹಾಕಿ, ಒಂದಕ್ಕೊಂದು ಜಗಳವಾಡದ ಹಾಗೆ ಹೊಂದಿಸಿ, ಪ್ಯಾಕೇಜ್ ಕಟ್ಟಿ, ಬೇಕಾದವರಿಗೆ ಪುಕ್ಕಟೆ ಹಂಚುವ ಒಂದು ಬಳಗವಿದೆ. ಬಳಗದಲ್ಲಿ ಒಬ್ಬೊಬ್ಬರ ಪಾಲಿಗೆ ಒಂದೊಂದು ಗಂಟು. ಇವನ ಪಾಲಿಗೆ ಬಂದದ್ದು ಒಂದು ಗಣಿತದ ಲೈಬ್ರರಿ.

ಲೈಬ್ರರಿ ಅಂದ ಕೂಡಲೇ ಪುಸ್ತಕದ ಕಪಾಟು ನೆನೆಯಬೇಡಿ. ಸೇತುವೆ ಹೇಗೆ ಅಲುಗುತ್ತದೆ, ಶಾಖ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರಿಗೆ ಲಕ್ಷಗಟ್ಟಲೆ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಾಗುತ್ತದೆ. ಆ ಬಿಡಿಸುವ ಕೆಲಸವನ್ನು ಸಿದ್ಧಮಾಡಿ ಇಟ್ಟ ಕೋಡ್ ಇದು. ತೊಂದರೆಯೇನೆಂದರೆ, ಇದನ್ನು ಒಂದೇ ರೀತಿ ಕಟ್ಟಿದರೆ ಎಲ್ಲರಿಗೂ ಆಗುವುದಿಲ್ಲ. ಶಾಖದವರಿಗೆ ಸಾದಾ ಸಂಖ್ಯೆ ಸಾಕು. ಅಲೆಗಳ ಲೆಕ್ಕದವರಿಗೆ ಎರಡು ಭಾಗದ ಸಂಕೀರ್ಣ ಸಂಖ್ಯೆ ಬೇಕು, ಏಕೆಂದರೆ ಅಲೆ ಎಷ್ಟು ಜೋರು ಅನ್ನುವುದರ ಜೊತೆಗೆ ಎಷ್ಟು ಹಿಂದೆ ಬಿದ್ದಿದೆ ಅನ್ನುವುದನ್ನೂ ಹಿಡಿದಿಡಬೇಕು. ಇದರ ಮೇಲೆ ಸಣ್ಣ ಲೆಕ್ಕಕ್ಕೆ ಒಂದು ಅಳತೆ, ಭಾರಿ ಲೆಕ್ಕಕ್ಕೆ ಇನ್ನೊಂದು ಅಳತೆ. ಹೀಗೆ ಒಂದೇ ಬಟ್ಟೆಯಲ್ಲಿ ನಾಲ್ಕು ಅಂಗಿ ಹೊಲಿದ ಹಾಗೆ ಗಂಟಣ್ಣ ನಾಲ್ಕು ಗಂಟು ಕಟ್ಟುತ್ತಿದ್ದ. ಸಂಕೀರ್ಣ ಸಂಖ್ಯೆಯ ಭಾರಿ ಅಳತೆಯದ್ದು ನಾಲ್ಕನೆಯದು.

ಆ ನಾಲ್ಕನೆಯದನ್ನು ಅವನು ಕಟ್ಟಲು ಶುರುಮಾಡಿದ್ದು ಹೆಂಡತಿಗಾಗಿ. ಆಕೆ ಶಬ್ದದ ಎಂಜಿನಿಯರು. ರೈಲು ಹಳಿಯ ಪಕ್ಕದ ಮನೆಗಳಿಗೆ ಸದ್ದು ತಾಗದಂತೆ ಎಂಥ ಗೋಡೆ ಎಬ್ಬಿಸಬೇಕು ಎಂದು ಲೆಕ್ಕ ಹಾಕುವುದು ಅವಳ ವೃತ್ತಿ. "ರೀ, ನನ್ನ ಲೆಕ್ಕ ಮೂರನೇದ್ರಲ್ಲಿ ಹಿಡಿಸ್ತಿಲ್ಲ. ದೊಡ್ಡದೊಂದು ಕಟ್ಟಿ ಕೊಡ್ತೀರಾ?" ಎಂದು ಒಂದು ದಿನ ಪಕ್ಕದ ಮೇಜಿನಿಂದ ಕೇಳಿದಳು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಅವನಿಂದ ಕೇಳಿದ್ದು ಅದೊಂದೇ. ಸ್ವಭಾವವೇ ಹಾಗೆ. ಬೇರೆಯವರು ತನ್ನನ್ನು ಕೇಳಿದರೂ ಅಷ್ಟೇ. ಅಂಗಡಿಯವನು ಫೋನ್ ನಂಬರ್ ಕೇಳಿದರೆ "ಬೇಡ", ಬಾಗಿಲಿಗೆ ಸಮೀಕ್ಷೆಯವರು ಬಂದರೆ "ಬೇಡ". ನನ್ನ ವಿಷಯ ನಾನೇ ಹೇಳಬೇಕು, ಯಾರೋ ಬಂದು ಎಣಿಸಿಕೊಂಡು ಹೋಗುವುದಲ್ಲ ಅನ್ನುವ ಹೆಂಗಸು.

ಅಂಥವಳ ಪರವಾಗಿ ಇವನು ಏನು ಮಾಡಿದ ಕೇಳಿ. ಮೊದಲು, ಪ್ಯಾಕೇಜ್ ಕಟ್ಟುವುದಕ್ಕೆಂದೇ ಒಂದು ದೊಡ್ಡ ಕಂಪ್ಯೂಟರನ್ನು ತಂದು, ಅವಳ ಮೇಜನ್ನು ನಡುಮನೆಯ ದಾರಿಗೆ ತಳ್ಳಿ, ಆ ಜಾಗದಲ್ಲಿ ಅದನ್ನು ಪ್ರತಿಷ್ಠಾಪಿಸಿದ. ಅವಳು ದಾರಿಯಲ್ಲೇ ಕೂತು ಲೆಕ್ಕ ಮುಂದುವರಿಸಿದಳು. ಆಮೇಲೊಂದು ದಿನ ಅವಳಿಗೆ ಫೋನ್ ಬಂತು. ಇನ್ನೊಂದು ಊರಿನಲ್ಲಿ, ಇಡೀ ರೈಲು ಮಾರ್ಗದ ಗೋಡೆಗಳ ಕೆಲಸಕ್ಕೆ ಮುಖ್ಯಸ್ಥೆಯಾಗಿ ಬನ್ನಿ ಎಂಬ ಕರೆ. ಅವಳು ಸ್ನಾನಕ್ಕೆ ಹೋಗಿದ್ದಳು. ಫೋನ್ ಎತ್ತಿದ ಗಂಟಣ್ಣ, "ಅವಳಿಗೆ ಅಷ್ಟು ದೂರ ಆಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ," ಎಂದು ಹೇಳಿ ಇಟ್ಟುಬಿಟ್ಟ. ಆ ಹೊತ್ತಿಗೆ ಒಂದು ಪ್ಯಾಕೇಜ್ ಅರ್ಧ ಕಟ್ಟಿತ್ತು. ಅವಳಿಗೆ ಹೇಳುವುದನ್ನೂ ಮರೆತ.

ಅವಳಿಗೆ ಗೊತ್ತಾದದ್ದು ಬಹಳ ದಿನದ ಮೇಲೆ, ಪರರ ಬಾಯಿಂದ. ಕೂಗಾಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ನನ್ನನ್ನ ಒಂದು ಮಾತು ಕೇಳಿದ್ರಾ?" ಅಂದಳು.

"ಕೇಳೋದೇನಿದೆ? ನಿನಗೆ ಆಗಲ್ಲ ಅಂತ ಗೊತ್ತಿತ್ತಲ್ಲ," ಅಂದ ಈ ಮಹಾನುಭಾವ, ಪರದೆಯಿಂದ ಕಣ್ಣು ತೆಗೆಯದೆ.

ಆ ತಿಂಗಳೇ ಅವಳು ತನ್ನ ಕಂಪ್ಯೂಟರು, ಬಟ್ಟೆ ಕಟ್ಟಿಕೊಂಡು ಹೊರಟಳು. ಆ ಕೆಲಸದ ಜಾಗ ಇನ್ನೂ ಖಾಲಿಯಿತ್ತು, ಅದನ್ನೇ ಹಿಡಿದಳು. ಬೇರೆಯಾಗುವ ಕಾಗದಪತ್ರ ಯಾವುದೂ ಆಗಲಿಲ್ಲ. ಇವನು ಒಮ್ಮೆ ಫೋನ್ ಮಾಡಿದಾಗ, "ಏನಾದ್ರೂ ಕೆಲಸ ಇತ್ತಾ?" ಎಂದು ಕೇಳಿದಳು. "ಇಲ್ಲ, ಸುಮ್ನೆ," ಅಂದ. "ಸರಿ ಹಾಗಾದ್ರೆ," ಅಂದಳು. ಅಲ್ಲಿಗೆ ಮಾತು ಮುಗಿಯಿತು. ಮೂರು ವರ್ಷವಾಯಿತು.

ಈ ಮೂರು ವರ್ಷ ಗಂಟಣ್ಣನನ್ನು ಬದುಕಿಸಿದ್ದು ಒಂದು ಅಂಕಿ. ಬಳಗದಲ್ಲಿ ಒಂದು ಪದ್ಧತಿಯಿದೆ. ಯಾವ ಪ್ಯಾಕೇಜನ್ನು ಎಷ್ಟು ಜನ ಬಳಸುತ್ತಾರೆ ಎಂದು ವಾರಕ್ಕೊಮ್ಮೆ ಎಣಿಕೆ ಬರುತ್ತದೆ. ಯಾರು, ಎಲ್ಲಿಯವರು ಅನ್ನುವುದು ತಿಳಿಯದು, ಬರೀ ಎಷ್ಟು ಅನ್ನುವುದು. ಮೊದಲ ಮೂರು ಗಂಟುಗಳಿಗೆ ನೂರಾರು ಜನ. ನಾಲ್ಕನೆಯದರ ಮುಂದೆ ಯಾವಾಗಲೂ ಒಂದು. ಅವಳು ಮನೆಯಲ್ಲಿದ್ದಾಗಲೂ ಒಂದು, ಹೋದ ಮೇಲೂ ಒಂದು. ಆ ಒಂದು ಅವಳೇ ಎಂಬುದರಲ್ಲಿ ಗಂಟಣ್ಣನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸೋಮವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಎಣಿಕೆಯ ಪುಟ ತೆರೆಯುತ್ತಿದ್ದ. ಒಂದು ಕಂಡರೆ, ಸದ್ಯ ಅವಳು ಚೆನ್ನಾಗಿದ್ದಾಳೆ, ನನ್ನ ಕೈಯ ಕೆಲಸ ಇನ್ನೂ ಅವಳ ಮೇಜಿನ ಮೇಲಿದೆ ಎಂದು ಜೀವಕ್ಕೆ ಸಮಾಧಾನ. ಹೆಂಡತಿಯ ಕ್ಷೇಮಸಮಾಚಾರವನ್ನು ಹೀಗೆ ತಿಳಿದುಕೊಳ್ಳುವ ಗಂಡ ಇನ್ನೊಬ್ಬನಿದ್ದರೆ ತೋರಿಸಿ, ಅವನ ಕಾಲಿಗೆ ಬೀಳೋಣ.

ಕೆಳಗಿನ ಮನೆಯಲ್ಲಿದ್ದ ಅಕ್ಕನಿಗೆ ಇದು ಗೊತ್ತಿತ್ತು. ಊಟದ ಡಬ್ಬಿ ತಂದಿಡುವಾಗ ಒಂದೊಂದು ಸಲ ಬೈಯುತ್ತಿದ್ದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನನ್ನ ನೋಡೇ ಗಾದೆ ಮಾಡಿರಬೇಕು ಕಣೋ. ಫೋನ್ ಮಾಡಿ, ಹೇಗಿದ್ದೀಯ ಅಂತ ಕೇಳೋಕೆ ಏನು ಧಾಡಿ?"

"ಕೇಳೋದೇನಿದೆ ಅಕ್ಕ? ಗೊತ್ತಾಗುತ್ತಲ್ಲ."

"ಏನು ಗೊತ್ತಾಗುತ್ತೆ, ನಿನ್ನ ತಲೆ!"

ಹೀಗಿರುವಾಗ ಬಳಗದ ಹೊಸ ಬಿಡುಗಡೆಯ ಕಾಲ ಬಂತು. ಎರಡು ವರ್ಷಕ್ಕೊಮ್ಮೆ ಎಲ್ಲ ಪ್ಯಾಕೇಜುಗಳನ್ನೂ ಒಂದು ಗೊತ್ತುಪಡಿಸಿದ ದಿನ ಇದ್ದಲ್ಲಿಗೇ ನಿಲ್ಲಿಸಿ, ಬಾಗಿಲು ಹಾಕಿ, ಇಷ್ಟೇ ಇನ್ನು ಎಂದು ಹಂಚುತ್ತಾರೆ. ಆ ದಿನದೊಳಗೆ ಸರಿಯಿಲ್ಲದ್ದು ಹೊರಗೆ. ಏನಿರಬೇಕು ಏನು ಹೋಗಬೇಕು ಎಂದು ನೋಡುವ ಹಿರಿಯನಿಗೆ ಬಳಗದಲ್ಲಿ ಕತ್ತರಿ ಎಂದೇ ಹೆಸರು. ಮುಖ ನೋಡಿದವರು ಕಡಿಮೆ, ದನಿ ಎಲ್ಲರಿಗೂ ಪರಿಚಿತ. ಶನಿವಾರದ ಸಭೆಯಲ್ಲಿ ಆ ದನಿ ಗಂಟಣ್ಣನ ಕಡೆಗೆ ತಿರುಗಿತು.

"ಗಂಟಣ್ಣ, ನಿಮ್ಮ ನಾಲ್ಕನೇದು ನಮ್ಮ ಹಳೇ ಬಗೆಯ ಯಂತ್ರಗಳಲ್ಲಿ ಪರೀಕ್ಷೆ ಪಾಸಾಗ್ತಿಲ್ಲ. ಕಟ್ಟೋಕೆ ಅರ್ಧ ದಿನ ತಗೊಳ್ಳುತ್ತೆ, ಕೊನೇಲಿ ಬಿದ್ದು ಒದ್ದಾಡುತ್ತೆ. ಬಳಸೋರು ಎಷ್ಟು ಜನ ಅಂದ್ರೆ ಒಬ್ಬರು. ತೆಗೆದುಬಿಡೋಣ ಅಲ್ವಾ?"

"ಆ ಒಬ್ಬರಿಗೆ ಬೇಕಲ್ಲ ಸಾರ್."

"ಯಾರವರು?"

ನನ್ನ ಹೆಂಡತಿ ಅಂದರೆ ಎಷ್ಟು ಜನ ನಗುತ್ತಾರೋ ಎಂದುಕೊಂಡ ಗಂಟಣ್ಣ. "ಯಾರೋ ಒಬ್ಬರು. ಅವರ ಕೆಲಸ ಇದರ ಮೇಲೇ ನಿಂತಿರಬಹುದು. ದಯವಿಟ್ಟು ಸಾರ್, ಸ್ವಲ್ಪ ಟೈಮ್ ಕೊಡಿ, ಸರಿ ಮಾಡ್ತೀನಿ."

"ಬಾಗಿಲು ಹಾಕೋ ದಿನದ ತನಕ ಕೊಡ್ತೀನಿ. ಆಮೇಲೆ ನನ್ನನ್ನ ಬೈಬೇಡಿ," ಅಂದ ಕತ್ತರಿ.

ಅಲ್ಲಿಂದ ಗಂಟಣ್ಣ ಮನುಷ್ಯನ ಹಾಗೆ ಇರಲಿಲ್ಲ. ನೀರಿನ ಕಚೇರಿಗೆ ರಜೆ ಹಾಕಿದ. ಗಡ್ಡ ಬಿಟ್ಟ. ಹಳೇ ಬಗೆಯ ಯಂತ್ರ ಅವನ ಹತ್ತಿರವಿಲ್ಲ, ಬಳಗದವರದನ್ನೇ ದೂರದಿಂದ ಬಳಸಬೇಕು, ಅದಕ್ಕೂ ಸರದಿ. ಒಂದು ಸಾಲು ಬದಲಾಯಿಸುವುದು, ಅರ್ಧ ದಿನ ಕಾಯುವುದು, ಕೊನೆಗೆ ಪರೀಕ್ಷೆ ಬಿದ್ದು ಹೋಗುವುದು. ಇನ್ನೊಂದು ಸಾಲು, ಇನ್ನೊಂದು ಅರ್ಧ ದಿನ, ಮತ್ತೆ ಅದೇ ಹಣೆಬರಹ. ಉತ್ತರ ಒಂದೊಂದು ಸಲ ಒಂದೊಂದು. ತಪ್ಪಾದರೂ ಒಂದೇ ರೀತಿ ತಪ್ಪಬಾರದೇ ಎಂದು ಅವನು ಪರದೆಯ ಎದುರು ಕೈಮುಗಿದದ್ದೂ ಉಂಟು. ಇದು ಹೋದರೆ ಅವಳಿಗೂ ನನಗೂ ನಡುವೆ ಇರುವ ಕೊನೆಯ ಎಳೆಯೂ ಹೋಯಿತು ಎಂಬ ಭಯಕ್ಕೆ ಅನ್ನ ಇಳಿಯುತ್ತಿರಲಿಲ್ಲ. ಅಕ್ಕನ ಡಬ್ಬಿಗಳು ಮುಚ್ಚಳ ತೆಗೆಯದೆ ವಾಪಸ್ಸು ಹೋದವು. ಒಂದು ಮಧ್ಯಾಹ್ನ ಅವಳು ಮೆಟ್ಟಿಲು ಹತ್ತಿ ಬಂದು ನೋಡಿದರೆ, ತಮ್ಮ ಮೂಲೆಯಲ್ಲಿದ್ದ ಆ ದೊಡ್ಡ ಕಂಪ್ಯೂಟರಿನ ಪಕ್ಕದಲ್ಲಿ ನೆಲದ ಮೇಲೆ ಕೂತು ಅಳುತ್ತಿದ್ದ. ಅಕ್ಕ ಅವತ್ತು ಬೈಯಲಿಲ್ಲ. ಪಕ್ಕದಲ್ಲಿ ಕೂತು, ತಟ್ಟೆಗೆ ಬಡಿಸಿ, ಅವನು ಎರಡು ತುತ್ತು ತಿನ್ನುವ ತನಕ ಎದ್ದು ಹೋಗಲಿಲ್ಲ.

ಕೊನೆಗೆ ತಪ್ಪು ಸಿಕ್ಕಿತು. ತಪ್ಪು ಅವನದೇ. ಗಂಟೇನೋ ಸರಿಯಿತ್ತು; ಅದರ ಪರೀಕ್ಷೆ ನಡೆಸುವಾಗ ಅಳತೆ ಬರೆದ ಕಡತವನ್ನು ನಾಲ್ಕನೆಯದರಿಂದ ಓದುವ ಬದಲು ಮೂರನೆಯದರಿಂದ ಓದು ಎಂದು, ಎಂದೋ ಅವಸರದಲ್ಲಿ ಅವನೇ ಬರೆದಿದ್ದ. ದೊಡ್ಡ ಅಂಗಿಗೆ ಚಿಕ್ಕ ಅಂಗಿಯ ಅಳತೆ. ಹೊಸ ಯಂತ್ರಗಳು ಅಂಕಿಗಳ ಚಿಕ್ಕ ಭಾಗವನ್ನು ಮೊದಲು ಬರೆದಿಡುವುದರಿಂದ ಪರೀಕ್ಷೆಯ ಸಣ್ಣ ಲೆಕ್ಕಗಳು ಹೇಗೋ ಅದೃಷ್ಟದ ಮೇಲೆ ನಡೆದುಹೋಗಿದ್ದವು. ಹಳೇ ಬಗೆಯ ಯಂತ್ರ ದೊಡ್ಡ ಭಾಗವನ್ನು ಮೊದಲು ಬರೆಯುತ್ತದೆ, ಅಲ್ಲಿ ಬಣ್ಣ ಬಯಲಾಯಿತು. ಒಂದು ಸಾಲು ತಿದ್ದಿದ. ಅರ್ಧ ದಿನ ಕಾದ. ಎಲ್ಲ ಯಂತ್ರಗಳಲ್ಲೂ ಪಾಸು.

ಆ ಸಂತೋಷ ಅವನಿಗೆ ದಕ್ಕಬೇಕಲ್ಲ. ಅದೇ ದಿನ ಮನೆಯ ಮೂಲೆಯಲ್ಲಿದ್ದ ಅವನ ಯಂತ್ರದಿಂದ ಸುಟ್ಟ ವಾಸನೆ ಬಂತು. ಹಗಲೂ ಇರುಳೂ ದುಡಿದು ದುಡಿದು ಅದರ ಫ್ಯಾನ್ ಕೂತುಹೋಗಿತ್ತು. ತಂತಿ ಕಿತ್ತು, ಹೊಸ ಫ್ಯಾನ್ ಬರುವ ತನಕ ಹಾಗೇ ಬಿಟ್ಟ. ಹೋದರೆ ಹೋಗಲಿ, ಗಂಟು ಉಳಿಯಿತಲ್ಲ ಎಂದುಕೊಂಡು ಎಷ್ಟೋ ದಿನದ ಮೇಲೆ ಕಣ್ಣು ತುಂಬ ನಿದ್ದೆ ಮಾಡಿದ.

ಮುಂದಿನ ಸೋಮವಾರ ಪುಟ ತೆರೆದರೆ, ನಾಲ್ಕನೆಯದರ ಮುಂದೆ ಸೊನ್ನೆ.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಸೊನ್ನೆ. ಅವಳು ಬಿಟ್ಟುಬಿಟ್ಟಳು. ಬೇರೆ ಯಾರದೋ ಗಂಟು ಹಿಡಿದಳೋ, ಬೇರೆ ಯಾರನ್ನೋ ಹಿಡಿದಳೋ, ಅಥವಾ ಮೈಗೆ ಹುಷಾರಿಲ್ಲವೋ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಫೋನ್ ಎತ್ತಿಕೊಂಡ. ಅವಳ ನಂಬರಿನ ಮೇಲೆ ಬೆರಳಿಟ್ಟ. "ಏನಾದ್ರೂ ಕೆಲಸ ಇತ್ತಾ?" ಅನ್ನುವ ಆ ದನಿ ನೆನಪಾಗಿ ಬೆರಳು ತೆಗೆದ. ಆ ವಾರವೆಲ್ಲ ಅವನು ಕಚೇರಿಗೆ ಹೋದ, ಬಂದ, ಪ್ರಿಂಟರಿನಿಂದ ಕಾಗದ ಎಳೆದ. ಬದುಕಿದ್ದಾನೆ ಎನ್ನುವುದಕ್ಕೆ ಬೇರೆ ಗುರುತಿರಲಿಲ್ಲ.

ವಾರದ ಮಧ್ಯದಲ್ಲಿ ಫ್ಯಾನ್ ಬಂತು. ಹಾಕಿದ. ಯಂತ್ರ ಮತ್ತೆ ಗುಂಯ್ ಅನ್ನತೊಡಗಿತು. ಆಮೇಲಿನ ಸೋಮವಾರ, ನೋಡಬಾರದು ಎಂದುಕೊಂಡೇ ನೋಡಿದ.

ಒಂದು.

ಮೊದಲು ಎದೆ ಕುಣಿಯಿತು. ಬಂದಳು, ಮತ್ತೆ ಬಂದಳು! ಅಷ್ಟರಲ್ಲಿ ಕಿವಿಗೆ ಫ್ಯಾನಿನ ಸದ್ದು ಬಿತ್ತು. ತಿರುಗಿ ಯಂತ್ರವನ್ನು ನೋಡಿದ. ಅದರ ಮುಂದೆ ಮಂಡಿಯೂರಿ ಕೂತು, ಎಂದೋ ತಾನೇ ಮಾಡಿಟ್ಟ ವ್ಯವಸ್ಥೆಗಳನ್ನೆಲ್ಲ ತೆರೆದು ನೋಡಿದ. ಹೊಸ ಯಂತ್ರವನ್ನು ಸಿದ್ಧಮಾಡುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮನ್ನು ಎಣಿಕೆಯಲ್ಲಿ ಸೇರಿಸಬಹುದೇ? ಸಾಮಾನ್ಯವಾಗಿ ಜನ ಬೇಡ ಅನ್ನುತ್ತಾರೆ. ಬಳಗದ ನಿಷ್ಠಾವಂತ ಸೇವಕ ಗಂಟಣ್ಣ ಮಾತ್ರ ಹೂಂ ಎಂದು ಒತ್ತಿ, ಮರೆತಿದ್ದ. ಕಟ್ಟಿ ಪರೀಕ್ಷೆ ಮಾಡಲೆಂದು ನಾಲ್ಕೂ ಗಂಟುಗಳು ಆ ಯಂತ್ರದಲ್ಲಿ ಸದಾ ಬಿಚ್ಚಿಕೊಂಡೇ ಇರುತ್ತಿದ್ದವು. ಅದು ಆರಿದ್ದ ವಾರ ಸೊನ್ನೆ, ಮತ್ತೆ ಎದ್ದ ವಾರ ಒಂದು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದು ಕೇಳಿದ್ದೇವೆ. ಇವನದು ಅದಕ್ಕಿಂತ ಕಡೆ, ಕಂಕುಳಲ್ಲಿ ಕೂಸೇ ಇರಲಿಲ್ಲ. ಮೂರು ವರ್ಷ ಸೋಮವಾರ ಸೋಮವಾರ ಅವನು ಹೆಂಡತಿಯ ಕ್ಷೇಮ ಎಂದು ನೋಡಿಕೊಂಡದ್ದು ತನ್ನದೇ ಮುಖವನ್ನು. ಅವಳು ಎಂದೂ ಅಲ್ಲಿರಲಿಲ್ಲ. ಅಳು ಬರಲಿಲ್ಲ. ಅಳುವುದಕ್ಕೂ ಒಳಗೆ ಏನಾದರೂ ಉಳಿದಿರಬೇಕು.

ಬಾಗಿಲು ಹಾಕುವ ಹಿಂದಿನ ದಿನ ಅವನೇ ಬಳಗಕ್ಕೆ ಬರೆದ: ನಾಲ್ಕನೆಯ ಗಂಟನ್ನು ತೆಗೆದುಹಾಕಿ, ಬಳಸುವವರು ಯಾರೂ ಇಲ್ಲ. ಕೆಳಗೆ ತನ್ನ ಹೆಸರು ಹಾಕಿದ.

ಕತ್ತರಿಗೇ ಆಶ್ಚರ್ಯ. ಸಭೆಗೆ ಕಾಯದೆ ಫೋನ್ ಮಾಡಿದ. "ಏನ್ರೀ ಗಂಟಣ್ಣ, ಈಗ ತಾನೇ ಜೀವ ತೇದು ಸರಿ ಮಾಡಿದ್ರಲ್ಲ? ಈಗ ಎಲ್ಲಾ ಕಡೆ ಪಾಸಾಗ್ತಿದೆ. ಇರಲಿ ಬಿಡಿ."

"ಬೇಡ ಸಾರ್. ಆ ಒಬ್ಬರು ಅನ್ನೋರು ಇಲ್ಲ."

"ಖಂಡಿತಾನಾ?"

"ಖಂಡಿತ."

ಬಿಡುಗಡೆ ಆಯಿತು. ಗಂಟಣ್ಣ ಉಳಿದ ಮೂರು ಗಂಟು ಕಟ್ಟುವುದನ್ನೂ ಬೇರೊಬ್ಬರಿಗೆ ಒಪ್ಪಿಸಿದ. ಮೂಲೆಯ ಯಂತ್ರವನ್ನು ಆರಿಸಿ, ಬಟ್ಟೆ ಮುಚ್ಚಿ, ಪಕ್ಕಕ್ಕೆ ಸರಿಸಿದ. ನಡುಮನೆಯ ದಾರಿಯಲ್ಲಿ ಬಿದ್ದಿದ್ದ ಅವಳ ಮೇಜನ್ನು ಒಳಗೆ ತಂದು ಹಳೇ ಜಾಗದಲ್ಲಿ ಇಟ್ಟ. ಯಾರಿಗೆ ಅಂತ ಅಕ್ಕನೂ ಕೇಳಲಿಲ್ಲ.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ನೀರಿನ ಕಚೇರಿಯಲ್ಲಿ ಅವನು ಪ್ರಿಂಟರಿನ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮಸಿ ಮೆತ್ತಿದ ಬೆರಳಲ್ಲೇ ಎತ್ತಿ ಕಿವಿಗಿಟ್ಟ.

"ನಾನು," ಅಂದಳು.

ಅವನು ಎದ್ದು ನಿಂತ.

"ಆಫೀಸಲ್ಲಿ ನನ್ನ ಕಂಪ್ಯೂಟರಿಗೆ ನಿಮ್ಮ ಬಳಗದ ಹೊಸ ಬಿಡುಗಡೆ ಹಾಕಿದ್ರು. ನಾಲ್ಕನೇದು ಕಾಣ್ತಿಲ್ಲ. ಹುಡುಕಿದ್ರೆ, ತೆಗೆದುಹಾಕಿದೆ ಅಂತ ಬರೆದಿದೆ. ಕೆಳಗೆ ನಿಮ್ಮ ಹೆಸರಿದೆ."

"ನೀನು... ಅದನ್ನ ಬಳಸ್ತಿದ್ದೀಯಾ?"

"ಇನ್ಯಾವುದನ್ನ ಬಳಸ್ಲಿ? ಅಷ್ಟುದ್ದದ ಗೋಡೆ ಲೆಕ್ಕ ಬೇರೆ ಯಾವುದ್ರಲ್ಲಿ ಹಿಡಿಸುತ್ತೆ? ಇಲ್ಲಿಗೆ ಬಂದಾಗಿಂದ ದಿನಾ ಅದೇ. ಈಗ ಹಳಿ ಪಕ್ಕ ಒಂದು ಬೀದಿ ಪೂರ್ತಿ ನನ್ನ ಲೆಕ್ಕಕ್ಕೆ ಕಾಯ್ತಿದೆ. ಅರ್ಧಕ್ಕೆ ನಿಂತಿದೆ."

"ಆದ್ರೆ ಎಣಿಕೇಲಿ ನೀನು ಬಂದೇ ಇಲ್ಲ."

"ಯಾವ ಎಣಿಕೆ? ಓ, ಅದಾ." ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಬೇಡ ಅಂತ ಒತ್ತಿದ್ದೆ. ಅಂಥದ್ದಕ್ಕೆಲ್ಲ ನಾನು ಯಾವತ್ತು ಹೂಂ ಅಂದಿದ್ದೀನಿ?"

ಗಂಟಣ್ಣ ಮತ್ತೆ ನೆಲದ ಮೇಲೆ ಕೂತ. ಅಂಗಡಿಯವನಿಗೆ ಬೇಡ, ಸಮೀಕ್ಷೆಯವರಿಗೆ ಬೇಡ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವನಿಗೆ ಅದೊಂದು ನೆನಪಾಗದೆ ಹೋಯಿತು. ಮೂರು ವರ್ಷ ಇಲ್ಲದವಳನ್ನು ಇದ್ದಾಳೆ ಎಂದು ನಂಬಿದ. ಕೊನೆಗೆ ಇದ್ದವಳನ್ನು ಇಲ್ಲ ಎಂದು ಬರೆದು, ಹೆಸರು ಹಾಕಿ ಕಳಿಸಿದ. ಇನ್ನು ಮುಂದಿನ ಬಿಡುಗಡೆಯ ತನಕ ಆ ಬಾಗಿಲು ತೆರೆಯುವುದಿಲ್ಲ.

"ಯಾಕೆ ತೆಗೆದ್ರಿ?"

"ನಿನಗೆ ಬೇಡ ಅಂದ್ಕೊಂಡೆ."

"ನನ್ನನ್ನ ಒಂದು ಮಾತು ಕೇಳಿದ್ರಾ?"

ಅಡುಗೆಮನೆಯ ಬಾಗಿಲಿಗೆ ಒರಗಿ ಅವಳು ಇದನ್ನೇ ಕೇಳಿದ ದಿನ ಅವನ ಬಾಯಲ್ಲಿ ಉತ್ತರ ಸಿದ್ಧವಿತ್ತು. ಈಗ ಗುಮಾಸ್ತರೆಲ್ಲ ತನ್ನನ್ನೇ ನೋಡುತ್ತಿರುವುದೂ ಅವನ ಗಮನಕ್ಕೆ ಬರಲಿಲ್ಲ.

"ಇಲ್ಲ," ಅಂದ. "ಆಗಲೂ ಕೇಳಲಿಲ್ಲ. ಈಗಲೂ ಕೇಳಲಿಲ್ಲ."

ಆ ಕಡೆ ರೈಲು ಬಂತು. ಗೋಡೆ ಇನ್ನೂ ಎದ್ದಿರದ ಜಾಗವಿರಬೇಕು, ಸದ್ದು ಫೋನಿನ ತುಂಬ ತುಂಬಿಕೊಂಡಿತು. ಅವಳು ಇಟ್ಟುಬಿಟ್ಟಳೋ ಎಂದು ಅವನ ಜೀವ ಬಾಯಿಗೆ ಬಂತು. ಉದ್ದನೆಯ ರೈಲು. ಮುಗಿಯುವ ತನಕ ಇಬ್ಬರೂ ಕಾದರು.

"ಇದ್ದೀರಾ?" ಅಂದಳು.

"ಇದ್ದೀನಿ. ಗಂಟು ಮನೇಲೇ ಕಟ್ಟಿ ಇವತ್ತೇ..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದ. ಮಸಿಯ ಕೈಯಲ್ಲೇ ಮುಖ ಒರೆಸಿಕೊಂಡ. "ನಿನಗೆ ಏನು ಬೇಕು?" ಎಂದು ಕೇಳಿದ.

ಗಂಟು ಬೇಕು ಅನ್ನುತ್ತಾಳೋ, ಇನ್ನೇನು ಅನ್ನುತ್ತಾಳೋ, ಏನೂ ಬೇಡ ಅನ್ನುತ್ತಾಳೋ, ಅವನಿಗೆ ಗೊತ್ತಿರಲಿಲ್ಲ. ಅವಳ ಉತ್ತರವನ್ನು ತಾನೇ ಹೇಳಿಬಿಡದೆ, ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತ.